ಗಂಟೆಯಿಲ್ಲದ ಇಗರ್ಜಿಯಲ್ಲಿ ಒಂದು ಗಂಟೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸೇಂಟ್ ಪೀಟರ್ಸ್ ಚೌಕದಲ್ಲಿ ಟ್ರಾಮಿನಿಂದ ಇಳಿದರೆ ದುಂಡಗಿನ ಸೆಂಟ್ರಲ್ ಲೈಬ್ರರಿ ಕಣ್ಣಿಗೆ ಬೀಳುತ್ತದೆ. ಅದರ ಹಿಂಬದಿಯ ಮೌಂಟ್ ಸ್ಟ್ರೀಟ್‌ನಲ್ಲಿ, ಮುಂಭಾಗಕ್ಕೆ ಕಂಬಗಳಿರುವ ಕಲ್ಲಿನ ಕಟ್ಟಡವೊಂದಿದೆ. ಗೊತ್ತಿಲ್ಲದವರು ಬ್ಯಾಂಕೋ ಕೋರ್ಟೋ ಇರಬೇಕೆಂದು ಮುಂದೆ ಹೋಗುತ್ತಾರೆ. ಶಿಲುಬೆಯಿಲ್ಲ, ಗೋಪುರವಿಲ್ಲ, ಗಂಟೆಯೂ ಇಲ್ಲ. 1830ರಲ್ಲಿ ತೆರೆದ ಫ್ರೆಂಡ್ಸ್ ಮೀಟಿಂಗ್ ಹೌಸ್ ಇದು. ಕ್ವೇಕರ್ ಪಂಥದವರ ಪ್ರಾರ್ಥನಾ ಮಂದಿರ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಬಂಟ್ವಾಳ ತಾಲ್ಲೂಕಿನ ಯುವಕನೊಬ್ಬ ಇದರ ಬಾಗಿಲ ಬಳಿ ಅನುಮಾನಿಸುತ್ತ ನಿಂತಿದ್ದ. ರಸಾಯನ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆಂದು ಬಂದು ಐದು ತಿಂಗಳಾಗಿತ್ತು. ಹುಟ್ಟಿನಿಂದ ಕಥೋಲಿಕ. ಊರಿನ ಇಗರ್ಜಿಯ ಬಲಿಪೂಜೆ ಎಂದರೆ ಗಂಟೆಯ ನಾದ, ಕೊಂಕಣಿ ಹಾಡುಗಳು, ಗುರುಗಳ ಪ್ರವಚನ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದು ಅವನ ಕಾಲಿಗೇ ಗೊತ್ತಿತ್ತು. ಇಲ್ಲಿನ ಕಥೋಲಿಕ ಇಗರ್ಜಿಗೂ ಹೋಗುತ್ತಿದ್ದ. ಆದರೆ ಪ್ರಯೋಗಾಲಯದ ಹಿರಿಯ ಸಹಾಯಕರೊಬ್ಬರು, "ಒಮ್ಮೆ ನಮ್ಮಲ್ಲಿಗೂ ಬಾ. ಮಾಡುವುದೇನೂ ಇಲ್ಲ, ಸುಮ್ಮನೆ ಕುಳಿತರಾಯಿತು" ಎಂದು ಕರೆದಿದ್ದರು.

ಅವನ ಮನಸ್ಸಿನಲ್ಲಿ ಬೇರೊಂದು ಭಾರವಿತ್ತು. ಮೊದಲ ಸೆಮಿಸ್ಟರಿನ ಒಂದು ವಿಷಯದಲ್ಲಿ ಫೇಲಾಗಿದ್ದ. ಅಡಿಕೆ ತೋಟದ ಮೇಲೆ ಸಾಲ ತೆಗೆದು ಕಳುಹಿಸಿದ್ದ ತಂದೆಗೆ, "ಎಲ್ಲ ಚೆನ್ನಾಗಿದೆ" ಎಂದು ಎರಡು ವಾರದಿಂದ ಹೇಳುತ್ತಲೇ ಇದ್ದ.

ಒಳಗೆ ಪೀಠವಿರಲಿಲ್ಲ, ಮೇಣದ ಬತ್ತಿ ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ಸುತ್ತ ಜೋಡಿಸಿದ ಕುರ್ಚಿಗಳು. ನಡುವೆ ಒಂದು ಮೇಜು, ಅದರ ಮೇಲೆ ಬೈಬಲ್, ಒಂದೆರಡು ಪುಸ್ತಕ, ಹೂದಾನಿ. ಬಂದವರು ಬಂದ ಹಾಗೆ ಕುಳಿತರು. ಯಾರೂ ಆರಂಭಿಸಲಿಲ್ಲ. ಕುಳಿತದ್ದೇ ಆರಂಭವೆಂದು ಅವನಿಗೆ ತಿಳಿದದ್ದು ಸ್ವಲ್ಪ ಹೊತ್ತಿನ ಮೇಲೆ.

ಮೊದಲ ಹತ್ತು ನಿಮಿಷ, ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಬರುವ ಮುಂಚಿನ ಹೊತ್ತಿನಂತಿತ್ತು. ಯಾರದೋ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಹೊರಗೆ ವಾಹನಗಳ ಸದ್ದು. ಬಾಯಿಪಾಠವಿದ್ದ ಪ್ರಾರ್ಥನೆಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡ. ಅವು ಮುಗಿದರೂ ಗಡಿಯಾರದ ಮುಳ್ಳು ಅರ್ಧಕ್ಕೂ ಬಂದಿರಲಿಲ್ಲ. ನಡುವೆ ಒಬ್ಬ ವೃದ್ಧೆ ಎದ್ದು ನಿಂತು, ತಮ್ಮ ಅಂಗಳದಲ್ಲಿ ಹಿಮದ ನಡುವೆ ಮತ್ತೆ ಬಿಳಿ ಹೂ ಬಿಟ್ಟಿದೆ ಎಂದಷ್ಟೇ ಹೇಳಿ ಕುಳಿತರು. ಯಾರೂ ಉತ್ತರಿಸಲಿಲ್ಲ, ತಲೆದೂಗಲೂ ಇಲ್ಲ. ಮತ್ತೆ ಮೌನ. ಹೇಳಲು ಪ್ರಾರ್ಥನೆ ಉಳಿಯದೆ ಹೋದಾಗ ಅವನ ಎದುರು ಉಳಿದದ್ದು ಅಂಕಪಟ್ಟಿಯೊಂದೇ.

ಈ ಮೌನಕ್ಕೆ ಮುನ್ನೂರೈವತ್ತು ವರ್ಷ ಮೀರಿದ ಚರಿತ್ರೆಯಿದೆ. 1624ರಲ್ಲಿ ಹುಟ್ಟಿದ ಜಾರ್ಜ್ ಫಾಕ್ಸ್, ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ, ಅದನ್ನು ಕಾಣಲು ಪುರೋಹಿತರ ಮಧ್ಯಸ್ಥಿಕೆ ಬೇಡ ಎಂದು ಬೋಧಿಸಿದ. 1652ರಲ್ಲಿ ಅವನು ಹತ್ತಿದ ಪೆಂಡಲ್ ಬೆಟ್ಟ ಮ್ಯಾಂಚೆಸ್ಟರಿನ ಉತ್ತರಕ್ಕಿದೆ. 'ಕ್ವೇಕರ್' ಎಂದರೆ ನಡುಗುವವನು. ವಿರೋಧಿಗಳು ಗೇಲಿಗೆ ಇಟ್ಟ ಹೆಸರೇ ಉಳಿದುಕೊಂಡಿತು. ಸಭೆಯಲ್ಲಿ ಒಳಗಿನಿಂದ ಪ್ರೇರಣೆ ಬಂದವರು, ಹೆಂಗಸಾಗಲಿ ಗಂಡಸಾಗಲಿ, ಎದ್ದು ಮಾತನಾಡಬಹುದು. ಎಲ್ಲ ಕಡೆಯೂ ಹೀಗೇ ಎಂದಲ್ಲ. ಕ್ವೇಕರರ ಸಂಖ್ಯೆ ಅತಿ ಹೆಚ್ಚಿರುವ ಕೆನ್ಯಾದಲ್ಲಿ ಪಾದ್ರಿಗಳೂ ಇದ್ದಾರೆ, ಹಾಡೂ ಇದೆ.

ವಿಜ್ಞಾನದ ವಿದ್ಯಾರ್ಥಿಗೆ ಈ ಪಂಥ ಅಪರಿಚಿತವಲ್ಲ. ಪರಮಾಣುವಾದದ ಜಾನ್ ಡಾಲ್ಟನ್ ಕ್ವೇಕರ್. 1793ರಲ್ಲಿ ಮ್ಯಾಂಚೆಸ್ಟರಿಗೆ ಬಂದು ಕಡೆಯವರೆಗೂ ಇಲ್ಲೇ ಬಾಳಿದ. ತನ್ನ ಕಣ್ಣಿಗೆ ಬಣ್ಣಗಳು ಇತರರಿಗೆ ಕಂಡಂತೆ ಕಾಣುವುದಿಲ್ಲವೆಂಬುದನ್ನು ಮುಚ್ಚಿಡದೆ, 1794ರಲ್ಲಿ ಅದನ್ನೇ ಪ್ರಬಂಧವಾಗಿ ವಿದ್ವಾಂಸರ ಮುಂದೆ ಓದಿದ. 1787ರಲ್ಲಿ ಆರಂಭಿಸಿದ ಹವಾಮಾನದ ದಿನಚರಿಯನ್ನು 1844ರಲ್ಲಿ ಸಾಯುವ ಹಿಂದಿನ ದಿನದವರೆಗೂ ಬರೆದ. 1919ರ ಸೂರ್ಯಗ್ರಹಣದಲ್ಲಿ ನಕ್ಷತ್ರದ ಬೆಳಕು ಬಾಗುವುದನ್ನು ಅಳೆದು ಐನ್‌ಸ್ಟೈನರ ಸಿದ್ಧಾಂತಕ್ಕೆ ಬೆಂಬಲ ಒದಗಿಸಿದ ಆರ್ಥರ್ ಎಡಿಂಗ್ಟನ್ ಕೂಡ ಕ್ವೇಕರ್, ಮ್ಯಾಂಚೆಸ್ಟರಿನಲ್ಲಿ ಓದಿದವರು. ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲಾರೆ ಎಂದವರು. ಯುದ್ಧಪೀಡಿತರಿಗೆ ಸಲ್ಲಿಸಿದ ಸೇವೆಗಾಗಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಗಂಟೆ ತುಂಬಿದಾಗ ಹಿರಿಯರಿಬ್ಬರು ಪರಸ್ಪರ ಕೈಕುಲುಕಿದರು. ಒಬ್ಬೊಬ್ಬರಾಗಿ ಎಲ್ಲರೂ ಪಕ್ಕದವರ ಕೈಕುಲುಕಿದರು. ಸಭೆ ಮುಗಿಯಿತೆಂದು ಅದೇ ಗುರುತು.

ಆಮೇಲೆ ಚಹಾ, ಬಿಸ್ಕತ್ತು. ಕ್ವೇಕರರು ನ್ಯಾಯಾಲಯದಲ್ಲಿ ಪ್ರಮಾಣ ಮಾಡುವುದಿಲ್ಲವೆಂದು ಎಲ್ಲೋ ಓದಿದ್ದ ಯುವಕ, ಕಾರಣವೇನೆಂದು ಹಿರಿಯರನ್ನು ಕೇಳಿದ. ಅವರು ಹೇಳಿದ್ದು ಸರಳವಾಗಿತ್ತು: ಬೈಬಲ್ ಮುಟ್ಟಿ "ಈಗ ಸತ್ಯ ಹೇಳುತ್ತೇನೆ" ಎಂದರೆ, ಮುಟ್ಟದಿದ್ದಾಗ ಬೇರೇನಾದರೂ ಹೇಳಬಹುದು ಎಂದಾಗುತ್ತದೆ. ಕೋರ್ಟಿಗೊಂದು ಮನೆಗೊಂದು ಎಂದು ಎರಡು ಸತ್ಯವಿಲ್ಲ. ಹೀಗೆಂದು ಹಟ ಹಿಡಿದು ಹಿಂದಿನ ಕ್ವೇಕರರು ಸೆರೆಮನೆ ಕಂಡಿದ್ದರು. ಹದಿನೇಳನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಕಾನೂನೇ ಅವರಿಗಾಗಿ, ಪ್ರಮಾಣದ ಬದಲು ದೃಢವಚನ ನೀಡುವುದಕ್ಕೆ ದಾರಿ ಮಾಡಿತು. ಹಿರಿಯರು ಇದನ್ನು ಚರಿತ್ರೆಯ ಮಾತಾಗಿ ಹೇಳಿದರು. ಕೇಳಿದವನ ಕೈಯಲ್ಲಿದ್ದ ಚಹಾ ಮಾತ್ರ ತಣ್ಣಗಾಗಿತ್ತು.

ಮೆಟ್ಟಿಲ ಮೇಲೆ ನಿಂತೇ ಊರಿಗೆ ಫೋನ್ ಮಾಡಿದ. ಮ್ಯಾಂಚೆಸ್ಟರಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಬಂಟ್ವಾಳದಲ್ಲಿ ಸಂಜೆ ಆರು. ಮನೆಯಲ್ಲಿ ಜಪಮಾಲೆಗೆ ಇನ್ನೂ ಹೊತ್ತಿತ್ತು. ತಂದೆಗೆ ವಿಷಯ ಹೇಳಿದ. ಆ ಕಡೆ ಮಾತು ನಿಂತಿತು. ಹಿಂದಿನ ದಿನವಾಗಿದ್ದರೆ ಗಾಬರಿಯಿಂದ ಏನಾದರೂ ಸುಳ್ಳು ಸೇರಿಸುತ್ತಿದ್ದನೇನೋ. ಇಂದು ಕಾದ.

"ಮರುಪರೀಕ್ಷೆ ಯಾವಾಗ?" ಎಂದರು ತಂದೆ, ಸ್ವಲ್ಪ ಹೊತ್ತಿನ ಮೇಲೆ.

"ಆಗಸ್ಟಿನಲ್ಲಿ."

"ಸರಿ. ಅಷ್ಟು ದಿನ ಒಬ್ಬನೇ ಯಾಕೆ ಹೊತ್ತುಕೊಂಡಿದ್ದೆ? ಸಾಲ ನನ್ನ ಹೆಸರಿನಲ್ಲಿದೆ, ನಿನ್ನ ಹೆಸರಿನಲ್ಲಲ್ಲ."

ಮಕ್ಕಳು ತಂದೆತಾಯಿಗೆ ಸುಳ್ಳು ಹೇಳುವುದು ಮೋಸ ಮಾಡಲೆಂದಲ್ಲ. ಹೆಚ್ಚಿನ ಸಲ ನೋಯಿಸಬಾರದೆಂದು. ಅದನ್ನು ಬಿಡಿಸಿಕೊಳ್ಳಲು ಮಕ್ಕಳಿಗೆ ಧೈರ್ಯ ಬೇಕು ನಿಜ. ಕೇಳಿಸಿಕೊಳ್ಳುವವರಿಗೆ ಒಂದು ನಿಮಿಷ ಸುಮ್ಮನಿರುವ ತಾಳ್ಮೆಯೂ ಬೇಕು.

ಆಗಸ್ಟಿನ ಪರೀಕ್ಷೆಯಲ್ಲಿ ಅವನು ಪಾಸಾದ. ಆದರೆ ಅಂದಿನ ಫೋನ್ ಅಲ್ಲಿಗೆ ಮುಗಿದಿರಲಿಲ್ಲ. ತಾಯಿ ಫೋನ್ ತೆಗೆದುಕೊಂಡು ಪ್ರತಿ ವಾರದ ಪ್ರಶ್ನೆಯನ್ನೇ ಕೇಳಿದರು: "ಪೂಜೆಗೆ ಹೋಗಿದ್ದೆಯಾ ಪುತಾ?"

"ಪ್ರಾರ್ಥನೆಗೆ ಹೋಗಿದ್ದೆ ಅಮ್ಮ. ಆದರೆ ಅಲ್ಲಿ ಪೂಜೆ ಇರಲಿಲ್ಲ."

"ಹಾಡು?"

"ಅದೂ ಇರಲಿಲ್ಲ."

"ಮತ್ತೆ ಒಂದು ಗಂಟೆ ಏನು ಮಾಡಿದೆ?"

ಅದಕ್ಕೆ ಮಾತ್ರ ಅವನಿಗೆ ಒಡನೆ ಉತ್ತರ ಹೊಳೆಯಲಿಲ್ಲ.