ಹಿಂದೆ ಸರಿದವಳು

ಚುನಾವಣೆ ಬಂತೆಂದರೆ ನಮ್ಮ ಕುಂದಾಪುರದ ಹೋಟೆಲುಗಳಲ್ಲಿ ಚಹಾಕ್ಕಿಂತ ಮೊದಲು ಬಿಸಿಯಾಗುವುದು 'ಟಿಕೆಟ್ ಯಾರಿಗೆ' ಎಂಬ ಚರ್ಚೆ. 2023ರಲ್ಲಿ ಹಾಲಾಡಿ ಶ್ರೀನಿವಾಸ ಶೆಟ್ಟರು ತಾವು ಸ್ಪರ್ಧಿಸುವುದಿಲ್ಲ ಎಂದಾಗ ಬಿಜೆಪಿ ಟಿಕೆಟ್ ಕಿರಣ್ ಕುಮಾರ್ ಕೊಡ್ಗಿಯವರಿಗೆ ಸಿಕ್ಕಿತು. ಬೈಂದೂರಿನಲ್ಲಿ ಆಗ ಶಾಸಕರಾಗಿದ್ದ ಸುಕುಮಾರ ಶೆಟ್ಟರನ್ನು ಬಿಟ್ಟು ಗುರುರಾಜ ಗಂಟಿಹೊಳೆಯವರಿಗೆ ಹೋಯಿತು. ಇಬ್ಬರೂ ಗೆದ್ದರು. ಟಿಕೆಟ್ ಹಂಚುವುದು ಮೇಲಿನವರು. ನಾವು ಮರುದಿನ ಪೇಪರಿನಲ್ಲಿ ಓದುವವರು. ಟಿಕೆಟಿನ ಹಂಗಿಲ್ಲದೆ ಗೆದ್ದವರೂ ನಮ್ಮಲ್ಲಿದ್ದಾರೆನ್ನಿ. ಬ್ರಹ್ಮಾವರ ಕ್ಷೇತ್ರವಿದ್ದ ಕಾಲದಲ್ಲಿ, 1999 ಮತ್ತು 2004ರಲ್ಲಿ, ಜಯಪ್ರಕಾಶ ಹೆಗ್ಡೆಯವರು ಪಕ್ಷೇತರರಾಗಿ ಗೆದ್ದರು. 2013ರಲ್ಲಿ ಹಾಲಾಡಿಯವರೂ ಹಾಗೆಯೇ ಗೆದ್ದರು.

ಅಮೆರಿಕದಲ್ಲಿ ಪಕ್ಷದ ಹುರಿಯಾಳನ್ನು ಆರಿಸಲಿಕ್ಕೇ ರಾಜ್ಯ ರಾಜ್ಯಗಳಲ್ಲಿ ಮತದಾನ ನಡೆಯುತ್ತದೆ. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಆ ಪ್ರಯೋಗ ಮಾಡಿತ್ತು. ಅದರಲ್ಲಿ ಪಕ್ಕದ ದಕ್ಷಿಣ ಕನ್ನಡವೂ ಒಂದು. ಅಲ್ಲಿ ಆಯ್ಕೆಯಾದ ಜನಾರ್ದನ ಪೂಜಾರಿಯವರು ಕೊನೆಗೆ ನಳಿನ್ ಕುಮಾರ್ ಕಟೀಲ್ ಎದುರು ಸೋತರು.

ಮತ ಹಾಕಿದರೆ ಎಲ್ಲ ಸರಿಹೋಗುತ್ತದೆಂದೂ ಅಲ್ಲ. 2016ರಲ್ಲಿ ಸೌತ್ ಕೆರೊಲಿನಾದ ರಿಪಬ್ಲಿಕನ್ ಕಣದಲ್ಲಿ ಆರು ಮಂದಿ ಇದ್ದರು. ಟ್ರಂಪ್ ಪಡೆದದ್ದು ಸುಮಾರು ಮೂರನೇ ಒಂದು ಪಾಲು ಮತ. ಸಿಕ್ಕಿದ್ದು 50ಕ್ಕೆ 50 ಪ್ರತಿನಿಧಿಗಳು. ರೂಬಿಯೋ ಮತ್ತು ಕ್ರೂಸ್ ತಲಾ ಶೇಕಡ 22ರ ಆಸುಪಾಸು ಹಂಚಿಕೊಂಡರು. ಒಬ್ಬ ಸರಿದರೆ ಇನ್ನೊಬ್ಬನಿಗೆ ದಾರಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಸರಿಯಬೇಕಾದವನು ಆಚೆಯವನು ಎಂದೇ ಇಬ್ಬರ ಲೆಕ್ಕ.

ಈ ಲೆಕ್ಕ ಒಂದು ಸಲ ನನ್ನ ತರಗತಿಗೂ ಬಂದಿತ್ತು. ಒಂಬತ್ತನೆಯ ತರಗತಿಯ ನಾಯಕನ ಆಯ್ಕೆ. ನಲವತ್ತು ಮಕ್ಕಳು, ಮೂವರು ಅಭ್ಯರ್ಥಿಗಳು. ಒಬ್ಬ ಗಲಾಟೆಯ ಹುಡುಗ. ಅವನ ಹಿಂದೆ ಹದಿನೈದು ಹದಿನಾರು ಮಂದಿ ಗಟ್ಟಿಯಾಗಿದ್ದರು. ಉಳಿದವರಿಬ್ಬರು ಹುಡುಗಿಯರು. ಮತ ಒಡೆದರೆ ಅವನೇ ಗೆಲ್ಲುತ್ತಾನೆಂದು, ಇಬ್ಬರಲ್ಲಿ ಮೆತ್ತಗಿನವಳನ್ನು ಕರೆದು, "ನೀನು ಬರುವ ವರ್ಷ ನಿಲ್ಲು ಮಗಾ" ಎಂದೆ.

"ನಾನೇ ಎಂತಕೆ ಬಿಟ್ಟು ಕೊಡ್ಕ್ ಸಾರ್?" ಎಂದು ಕೇಳಿದಳು. ನಾನು ಹಲಗೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಅವಳು ಮರುಮಾತಿಲ್ಲದೆ ಚೀಟಿ ವಾಪಸು ತೆಗೆದುಕೊಂಡಳು. ಇನ್ನೊಬ್ಬಳು 23-17ರಲ್ಲಿ ಗೆದ್ದಳು. ನನ್ನ ಗಣಿತ ಸರಿಯಾಯಿತೆಂದು ನಾನು ಬೀಗಿದೆ.

ಮರುವರ್ಷ ಅವಳು ನಿಲ್ಲಲಿಲ್ಲ. ಕೇಳಿದ್ದಕ್ಕೆ ನಕ್ಕು, "ಬ್ಯಾಡ ಸಾರ್" ಎಂದಳು, ಅಷ್ಟೇ.

ಇಂದಿಗೂ ಟಿಕೆಟಿನ ಸುದ್ದಿ ಓದುವಾಗ ಅವಳ ಪ್ರಶ್ನೆ ನೆನಪಾಗುತ್ತದೆ. ಇಬ್ಬರಲ್ಲಿ ಯಾರು ಒಳ್ಳೆಯ ನಾಯಕಿ ಎಂದು ನಾನು ತೂಗಿ ನೋಡಿರಲೇ ಇಲ್ಲ. ಹೇಳಿದರೆ ಯಾರು ಕೇಳುತ್ತಾರೆ ಎಂದಷ್ಟೇ ನೋಡಿದ್ದೆ.