ಗೋಡೆಯ ಮೇಲಿನ ಕೆಂಪು ಗೆರೆ

ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಲೆಕ್ಕ ತಪ್ಪುವುದು ಹೊಸ ಸಂಗತಿಯಲ್ಲ. ಸಂಜೆ ನಗದು ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಕೂಡಿ ಕಳೆದು ತಪ್ಪು ಹುಡುಕಲೇಬೇಕು. ಆದರೆ ಕೂಡಿದ್ದೂ ಸರಿ, ಕಳೆದದ್ದೂ ಸರಿ, ಆದರೂ ಲೆಕ್ಕ ತಪ್ಪು ಎನ್ನುವ ಒಂದು ಬಗೆ ಇದೆ. ಆರಂಭ ಶಿಲ್ಕನ್ನೇ ತಪ್ಪಾಗಿ ಬರೆದುಕೊಂಡಿರುತ್ತೇವೆ. ಇದು ನನಗೆ ಚೆನ್ನಾಗಿ ಮನವರಿಕೆಯಾದದ್ದು ಬ್ಯಾಂಕಿನಲ್ಲಲ್ಲ, ಸಾಂಗಲಿಯ ಒಂದು ಓಣಿಯಲ್ಲಿ.

ನನ್ನ ಅಕ್ಕನನ್ನು ಕೊಟ್ಟದ್ದು ಸಾಂಗಲಿಗೆ. ಕಾಸರಗೋಡೆಲ್ಲಿ, ಸಾಂಗಲಿಯೆಲ್ಲಿ ಎಂದು ಆಗ ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು. ಭಾವ ಅಲ್ಲಿನ ಕನ್ನಡ ಮನೆತನದವರು. ತೊಂಬತ್ತರ ದಶಕದಲ್ಲಿ ಕೊಂಕಣ ರೈಲಿನ ಕೆಲಸ ನಡೆಯುತ್ತಿದ್ದಾಗ ಗುತ್ತಿಗೆದಾರರೊಬ್ಬರ ಕೈಕೆಳಗೆ ನೆಲದ ಏರುತಗ್ಗು ಅಳೆಯುವ ಕೆಲಸಕ್ಕೆ ಮಂಗಳೂರಿನ ಕಡೆ ಬಂದಿದ್ದರು. ಸಂಬಂಧ ಹಾಗೆ ಕೂಡಿಬಂತು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ಮರಾಠಿ. ನಮ್ಮಲ್ಲಿ ಮಲಯಾಳ ಇದ್ದ ಹಾಗೆಯೇ. ಅಕ್ಕನಿಗೆ ಅದೇನೂ ಹೊಸದೆನಿಸಲಿಲ್ಲ.

ಸಾಂಗಲಿಯವರಿಗೆ ಮಳೆಗಾಲದಲ್ಲಿ ಪಂಚಾಂಗಕ್ಕಿಂತ ಮುಖ್ಯವಾದದ್ದು ಕೃಷ್ಣೆಯ ಮೇಲಿನ ಇರ್ವಿನ್ ಸೇತುವೆಯ ಅಳತೆ. 1929ರ ಸೇತುವೆ ಅದು. ಅಲ್ಲಿ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45ಕ್ಕೆ ಅಪಾಯ. 2005ರ ಮಹಾಪೂರದಲ್ಲಿ ಅದು 53 ಅಡಿ ದಾಟಿತ್ತು. ಆಗ ನೀರು ನಿಂತ ಮಟ್ಟಕ್ಕೆ ಅಕ್ಕನ ಓಣಿಯ ಮೂಲೆಮನೆಯ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದ ಗೆರೆ ಎಳೆದಿದ್ದರು. 2012ರಲ್ಲಿ ಭಾವ ಹಳೆ ಮನೆ ಕೆಡವಿ ಹೊಸದು ಕಟ್ಟಿದಾಗ ಆ ಗೆರೆಯಿಂದ ಯಂತ್ರವಿಟ್ಟು ಅಳೆದು, ಮನೆಯ ನೆಲವನ್ನು ಅದಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಇಟ್ಟರು. "2005 ಮತ್ತ ಬಂದರೂ ನಮ್ಮ ಹೊಸ್ತಿಲು ದಾಟಂಗಿಲ್ಲ," ಎಂದು ಗೃಹಪ್ರವೇಶದ ದಿನ ಹೆಮ್ಮೆಯಿಂದ ಹೇಳಿದ್ದು ನನಗೆ ನೆನಪಿದೆ.

2019ರ ಆಗಸ್ಟ್ ಮೊದಲ ವಾರ ನೀರು ಏರತೊಡಗಿತು. ಅಕ್ಕಪಕ್ಕದವರು ಗಂಟುಮೂಟೆ ಕಟ್ಟಿದರು. ನಾನು ಫೋನಿನಲ್ಲಿ "ನೀವೂ ಹೊರಡಿ" ಎಂದು ಗೋಗರೆದೆ. ಭಾವ ಕೇಳಲಿಲ್ಲ. 2005ರ ಮಟ್ಟ ಮುಟ್ಟುವ ಮೊದಲೇ, ನಡುರಾತ್ರಿಯಲ್ಲಿ ನೀರು ಒಳಗೆ ಬಂತು. ಎಂಬತ್ತು ದಾಟಿದ ಅಕ್ಕನ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ ಮಾಳಿಗೆಗೆ ಹೊತ್ತರು. ಬೆಳಗಾದ ಮೇಲೆ ದೋಣಿಯಲ್ಲಿ ಇಳಿಸಿದರು. ಸೇತುವೆಯಲ್ಲಿ ನೀರು ಕೊನೆಗೆ 57 ಅಡಿ ದಾಟಿತು. ಗೆರೆ ಸರಿಯಿದ್ದರೂ ಮನೆ ಮುಳುಗುತ್ತಿತ್ತು, ನಿಜ. ಆದರೆ ಆ ರಾತ್ರಿ ಅವರು ಮನೆಯೊಳಗೆ ಇರುತ್ತಿರಲಿಲ್ಲ.

ನೀರಿಳಿದ ಮೇಲೆ ರಜೆ ಹಾಕಿ ರೈಲು ಹತ್ತಿದೆ. ಲೋಂಡಾ, ಬೆಳಗಾವಿ ದಾಟಿ ಮೀರಜಿನಲ್ಲಿ ಇಳಿದೆ. ಅವರೆಲ್ಲ ಅಲ್ಲಿ ಒಬ್ಬ ನೆಂಟರ ಮನೆಯಲ್ಲಿದ್ದರು. ಭಾವ ಊಟ ಬಿಟ್ಟವರಂತೆ ಸೊರಗಿದ್ದರು. ಅತ್ತೆಯವರು ಜ್ವರದಲ್ಲಿ ಮಲಗಿದ್ದರು. ಮರುದಿನ ಭಾವ ಎಲ್ಲಿಂದಲೋ ಒಂದು ಲೆವೆಲ್ ಯಂತ್ರ ಕಡ ತಂದು, "ಬಾರಪಾ ತಮ್ಮಾ, ಕೋಲು ಹಿಡಿ," ಎಂದರು.

ಮೊದಲು ಅವರು ಪರೀಕ್ಷಿಸಿದ್ದು ಯಂತ್ರವನ್ನೇ. ಬಯಲಿನಲ್ಲಿ ಅರವತ್ತು ಮೀಟರ್ ಅಂತರಕ್ಕೆ ಎರಡು ಗೂಟ ಹೊಡೆದು, ಸರಿಯಾಗಿ ನಡುವೆ ಯಂತ್ರವಿಟ್ಟರು. ಎರಡೂ ಗೂಟಗಳ ಮೇಲಿನ ಕೋಲನ್ನು ನೋಡಿ ವ್ಯತ್ಯಾಸ ಬರೆದುಕೊಂಡರು. ಯಂತ್ರದ ದೃಷ್ಟಿ ಒಂದಿಷ್ಟು ಮೇಲಕ್ಕೋ ಕೆಳಕ್ಕೋ ಓರೆಯಾಗಿದ್ದರೂ, ಎರಡು ಕಡೆಗೂ ದೂರ ಒಂದೇ ಆದ್ದರಿಂದ ಎರಡು ಕಡೆಯೂ ತಪ್ಪು ಒಂದೇ. ಕಳೆದಾಗ ಅದು ಹೊರಟುಹೋಗುತ್ತದೆ. ಆಮೇಲೆ ಯಂತ್ರವನ್ನು ಒಂದು ಗೂಟದ ಪಕ್ಕಕ್ಕೆ ಒಯ್ದು ಮತ್ತೆ ನೋಡಿದರು. ಈಗ ವ್ಯತ್ಯಾಸ ಬೇರೆ ಬಂದರೆ ಅಷ್ಟು ಯಂತ್ರದ ತಪ್ಪು. ಮೂರು ಮಿಲಿಮೀಟರ್ ಇತ್ತು. ಪುಟ್ಟ ತಿರುಪು ತಿರುಗಿಸಿ ಅದನ್ನೂ ಸರಿಪಡಿಸಿದರು. ನೋಡುತ್ತ ನಿಂತಿದ್ದ ನೆಂಟರು, "ಮೀರಜಿನ್ಯಾಗ ತಂಬೂರಿ ಮಾಡವರೂ ಹಿಂಗ, ಶ್ರುತಿ ಕೂಡೂತನಕ ಕೈ ಬಿಡಂಗಿಲ್ಲ," ಎಂದರು.

ಅಂದು ಮಧ್ಯಾಹ್ನ ಸಾಂಗಲಿಗೆ ಹೋದೆವು. ಓಣಿಯಿಂದ ಇನ್ನೂರು ಮೀಟರ್ ದೂರದ ಗುಡಿಯ ಕಲ್ಲಿನಲ್ಲಿ 2005ರ ನೀರಿನ ಗುರುತನ್ನು ಆಗಲೇ ಉಳಿಯಿಂದ ಕೊರೆದಿದ್ದರು. ಅಲ್ಲಿಂದ ಕೆಸರು ತುಳಿಯುತ್ತ ಅಳೆದುಕೊಂಡು ಮೂಲೆಮನೆಗೆ ಬಂದೆವು. ಅಲ್ಲಿಂದ ಮತ್ತೆ ಗುಡಿಗೆ ಅಳೆಯುತ್ತ ಮರಳಿದೆವು. ಹೊರಟಲ್ಲಿಗೆ ಮರಳಿ ಬಂದು ತಾಳೆಯಾದರೆ ಮಾತ್ರ ಅಳತೆಗೆ ಬೆಲೆ. ತಾಳೆಯಾಯಿತು. ಗೋಡೆಯ ಗೆರೆ ನಿಜವಾದ ಮಟ್ಟಕ್ಕಿಂತ ಹದಿನಾಲ್ಕು ಅಂಗುಲ ಕೆಳಗಿತ್ತು. ಮೂಲೆಮನೆಯವರು ಆಗ ನೆನಪಿಸಿಕೊಂಡರು: ಹಿಂದೊಮ್ಮೆ ಗೋಡೆಗೆ ಗಾರೆ ಬಳಿಸಿ ಸುಣ್ಣ ಹೊಡೆಸಿದಾಗ ಗೆರೆ ಅಳಿಸಿತ್ತು, ಅಂದಾಜಿನಲ್ಲಿ ಮತ್ತೆ ಎಳೆಸಿದ್ದರು. ಭಾವ ಗೋಡೆಗೆ ಒರಗಿ ಕುಳಿತುಬಿಟ್ಟರು. "ಮಷಿನ್ನಿಗೆ ನೂರು ಸಲ ಪರೀಕ್ಷೆ ಮಾಡಿದೆ. ಗೆರಿ ಖರೇನೋ ಸುಳ್ಳೋ ಅಂತ ಒಮ್ಮಿ ಕೇಳಲಿಲ್ಲ. ಅವ್ವ ಹೋಗಿದ್ದರ?"

ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಅವರು ಕೊಯ್ನಾದ ಮಾತೆತ್ತಿದರು. ಕೊಯ್ನೆ ಕರಾಡದಲ್ಲಿ ಕೃಷ್ಣೆಯನ್ನು ಸೇರಿ ಸಾಂಗಲಿಗೆ ಬರುವ ಹೊಳೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿ ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟಿನ ಒಳಗಿನ ಸುರಂಗದಲ್ಲಿ ಇಟ್ಟಿದ್ದ ಒಂದು ಯಂತ್ರ ಆ ನಡುಕವನ್ನು ಬರೆದಿಟ್ಟುಕೊಂಡಿತು. ಕಾಂಕ್ರೀಟ್ ಅಣೆಕಟ್ಟುಗಳ ಬಲಾಬಲ ಲೆಕ್ಕ ಹಾಕಲು ಜಗತ್ತಿನ ಎಂಜಿನಿಯರರು ಇಂದಿಗೂ ಆ ದಾಖಲೆ ಬಳಸುತ್ತಾರೆ. "ಭೂಕಂಪ ಆದ ದಿನ ಯಂತ್ರ ಸರಿ ಐತೇನು ಅಂತ ನೋಡಾಕ ಆಗತೈತೇನು? ಮೊದಲ ನೋಡಿರಬೇಕು," ಎಂದರು ಭಾವ.

ಇನ್ನೊಂದು ನೋವೂ ಇತ್ತು. ಅಳಿಯನಿಗೆ ಗೆಳೆಯರು "ನಿಮ್ಮ ಕರ್ನಾಟಕದವರು ಆಲಮಟ್ಟಿ ಬಾಗಿಲು ಮುಚ್ಚಿದ್ದಕ್ಕೇ ನಾವು ಮುಳುಗಿದ್ದು" ಎಂದಿದ್ದರಂತೆ. ಹುಟ್ಟಿ ಬೆಳೆದದ್ದು ಸಾಂಗಲಿಯಲ್ಲಿ, ಮುಳುಗಿದ್ದು ಅವನದೇ ಮನೆ. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ, ಆ ನೆರೆಗೆ ಆಲಮಟ್ಟಿಯ ಹಿನ್ನೀರು ಕಾರಣವಲ್ಲ ಎಂದಿತು. ಜಗಳ ಮಾತ್ರ ನಿಂತಿಲ್ಲ. ಆಲಮಟ್ಟಿಯ 519.60 ಮೀಟರ್ ಸಮುದ್ರ ಮಟ್ಟದಿಂದ ಎಣಿಸಿದ್ದು. ಸಾಂಗಲಿಯ 57 ಅಡಿ ಸೇತುವೆಯ ತನ್ನದೇ ಸೊನ್ನೆಯಿಂದ. ಚಹದಂಗಡಿಯಲ್ಲಿ ಎರಡನ್ನೂ ಒಟ್ಟಿಗೆ ಕೂಗುವವರು ಸೊನ್ನೆ ಎಲ್ಲಿದೆ ಎಂದು ಕೇಳುವುದಿಲ್ಲ.

ಸಮುದ್ರ ಮಟ್ಟವೆಂದರೂ ಯಾವ ಸಮುದ್ರ? ಭಾವ ಹೇಳಿದ ಮೇಲೆ ತಿಳಿಯಿತು: ದೇಶದ ಎತ್ತರಗಳಿಗೆ 1909ರಲ್ಲಿ ತಳಪಾಯ ಹಾಕಿದಾಗ ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ನೋಡಿ ಸರಾಸರಿ ಹಿಡಿದಿದ್ದರಂತೆ. ಅವುಗಳಲ್ಲಿ ಒಂದು ಕಾರವಾರ, ಇನ್ನೊಂದು ಬೇಪೂರು. ಒಂದು ಕನ್ನಡದ ಕಡಲು, ಒಂದು ಮಲಯಾಳದ ಕಡಲು. ನಡುವೆ ನಮ್ಮ ಕಾಸರಗೋಡು. ಅದರ ಆಧಾರದ ಮೇಲೆಯೇ ಘಟ್ಟದಾಚೆಯ ಹೊಳೆಯ ಎತ್ತರವನ್ನೂ ಎಣಿಸಿದ್ದು. ಅಳೆಯುವಾಗ ಯಾರೂ ಅದು ಯಾರ ಕಡಲು ಎಂದು ಕೇಳಿರಲಾರರು.

ಹೊರಡುವ ಮುನ್ನ ಭಾವ ಮೂಲೆಮನೆಯವರ ಒಪ್ಪಿಗೆ ಪಡೆದು, ಕೆಂಪು ಗೆರೆ ಅಳಿಸಿ, ಸರಿಯಾದ ಎತ್ತರಕ್ಕೆ ಒಂದು ಕಲ್ಲು ಕೂಡಿಸಿ ಅದರಲ್ಲಿ ಗುರುತು ಕೊರೆಸಿದರು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಗುಡಿಯಿಂದ ಅಳೆದು ನೋಡುವುದು ಈಗ ಅಳಿಯನ ಕೆಲಸ.

2021ರ ಜುಲೈಯಲ್ಲಿ ಹೊಳೆ ಮತ್ತೆ 50 ಅಡಿ ದಾಟಿತು. ನಾನು ಗಾಬರಿಯಿಂದ ಫೋನು ಮಾಡಿದೆ. ಸೇತುವೆಯಲ್ಲಿ 40 ಅಡಿಯಾದಾಗಲೇ ಅವರೆಲ್ಲ ಮೀರಜಿಗೆ ಹೊರಟಿದ್ದರು.

"ನೀರು ಒಳಗೆ ಬಂದಿರಬಹುದು ಮಾರಾಯ," ಎಂದಳು ಅಕ್ಕ, "ಈ ಸಲ ಒಳಗೆ ನಾವಿಲ್ಲ."