ಒಂದು ಹಲ್ಲಿನ ಲೆಕ್ಕ

‘ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆ ಕಟ್ಟಿದವರು ಮೋಟಾರ್ ಸೈಕಲ್ಲಿನ ಚೈನನ್ನು ಕಂಡಿರಲಾರರು. ಆದರೂ ನಮ್ಮ ಮನೆಯಲ್ಲಿ ಮೂರು ತಿಂಗಳು ನಡೆದ ಚರ್ಚೆಗೆ ಇದಕ್ಕಿಂತ ಹೊಂದುವ ಮಾತು ಇನ್ನೊಂದಿಲ್ಲ. ಒಂದೇ ಗಾಡಿ ವಾರವೆಲ್ಲ ಊರೊಳಗೆ ಸಾಧುವಾಗಿ ಓಡಾಡಬೇಕು; ಪಂದ್ಯದ ದಿನ ನಿಂತಲ್ಲಿಂದ ಬಾಣದಂತೆ ಚಿಮ್ಮಬೇಕು. ಇದು ನಮ್ಮ ಮಗರಾಯನ ಬೇಡಿಕೆ.

ನಾವಿರುವುದು ವಿಜಯವಾಡದ ಪಟಮಟದಲ್ಲಿ. ಹೇಳಿಕೇಳಿ ಕೇಂದ್ರ ಸರಕಾರದ ಗುಮಾಸ್ತರು. ವರ್ಗವಾದಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಬಂದವರು. ಮೈಸೂರಿನಲ್ಲಿ ಬಿ.ಎಸ್‌ಸಿ. ಓದುವಾಗ ಕಲಿತ ಭೌತಶಾಸ್ತ್ರ ಕಚೇರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ. ಅದಕ್ಕೆ ಕೆಲಸ ಕೊಟ್ಟದ್ದು ಪಟಮಟದ ಪಕ್ಕದ ಆಟೋನಗರ. ಲಾರಿಗೆ ಬಾಡಿ ಕಟ್ಟುವವರು, ಲೇತ್ ನಡೆಸುವವರು, ಹಳೆಯ ಗೇರ್‌ಬಾಕ್ಸ್ ಬಿಚ್ಚಿ ಬಿಡಿ ಬಿಡಿಯಾಗಿ ಮಾರುವವರು, ಹೀಗೆ ಚಕ್ರವುಳ್ಳ ಯಾವ ವಸ್ತುವಿಗೂ ಅಲ್ಲಿ ವೈದ್ಯರುಂಟು.

ಗಾಡಿ ನಮ್ಮ ತಂದೆಯವರದು, ಯೆಜ್ಡಿ 250. ಮೈಸೂರಿನ ಓದುಗರಿಗೆ ಈ ಹೆಸರು ಹೇಳಿದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಕಣ್ಣ ಮುಂದೆ ನಿಲ್ಲುತ್ತದೆ. ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು 1961ರಿಂದ ಅಲ್ಲಿ ತಯಾರಿಸತೊಡಗಿದರು. ಮುಂದೆ 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ಮತ್ತೆ ಬಂದಿತಾದರೂ, ಎರಡು ಸೈಲೆನ್ಸರುಗಳಿಂದ ಹೊಗೆ ಬಿಡುತ್ತಾ ಹೋಗುತ್ತಿದ್ದ ಆ ಟೂ-ಸ್ಟ್ರೋಕ್ ಗಾಡಿಯೇ ಬೇರೆ. ತಂದೆಯವರು ಅದರ ಮೇಲೆ ಇಪ್ಪತ್ತು ವರ್ಷ ಶಾಲೆಗೆ ಹೋಗಿ ಪಾಠ ಹೇಳಿದರು. ಮಂಡಿ ನೋವು ಬಂದ ಮೇಲೆ ಮೊಮ್ಮಗನಿಗೆ ಕೊಟ್ಟರು. ನಿರಾಕ್ಷೇಪಣಾ ಪತ್ರ ತಂದು, ನೋಂದಣಿ ನವೀಕರಿಸಿ, ಗಾಡಿಯನ್ನು ರೈಲಿಗೆ ಹಾಕಿಸಿ ಇಲ್ಲಿಗೆ ತರುವಷ್ಟರಲ್ಲಿ ನಮ್ಮ ಗುಮಾಸ್ತಗಿರಿ ಸಾರ್ಥಕವಾಯಿತು.

ಮಗನಿಗೆ ಹತ್ತೊಂಬತ್ತು. ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಲೆಯಲ್ಲಿ ಹೊಕ್ಕಿರುವುದು ಡ್ರ್ಯಾಗ್ ರೇಸ್. ಕಾಲು ಮೈಲಿ, ಅಂದರೆ 402 ಮೀಟರ್ ನೇರ ದಾರಿ. ದೀಪ ಹಸಿರಾದೊಡನೆ ಹೊರಟು ಮೊದಲು ಗೆರೆ ದಾಟಿದವನು ಗೆದ್ದ. ತಿರುವಿಲ್ಲ, ಸುತ್ತಿಲ್ಲ. ‘ತಾತನ ಗಾಡಿಗೆ ಎಳೆತ ಇದೆ ಅಪ್ಪಾ, ಸ್ಪ್ರಾಕೆಟ್ ಬದಲಾಯಿಸಿದರೆ ಸಾಕು’ ಎಂದ.

ಸ್ಪ್ರಾಕೆಟ್ ಎಂದರೆ ಚೈನು ಕೂರುವ ಹಲ್ಲುಚಕ್ರ. ಇಂಜಿನ್ನಿನ ಬಲ ಮೊದಲು ಕ್ಲಚ್ಚಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಮುಂದಿನ ಸಣ್ಣ ಸ್ಪ್ರಾಕೆಟ್ಟಿಗೆ, ಚೈನಿನ ಮೂಲಕ ಹಿಂದಿನ ದೊಡ್ಡ ಸ್ಪ್ರಾಕೆಟ್ಟಿಗೆ ಬಂದು ಚಕ್ರ ತಿರುಗಿಸುತ್ತದೆ. ಲೆಕ್ಕ ಸುಲಭವಾಗಲೆಂದು ಮುಂದೆ 16 ಹಲ್ಲು, ಹಿಂದೆ 48 ಎಂದಿಟ್ಟುಕೊಳ್ಳಿ. ಭಾಗಿಸಿದರೆ 3. ಮುಂದಿನದು ಮೂರು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಮುಂದೆ 15 ಹಾಕಿದರೆ 3.2 ಆಗುತ್ತದೆ. ಚಕ್ರದ ಎಳೆತ ನೂರಕ್ಕೆ ಆರೂವರೆಯಷ್ಟು ಹೆಚ್ಚಿತು. ಆದರೆ ಗಂಟೆಗೆ 60 ಕಿಲೋಮೀಟರಿನಲ್ಲಿ 3000 ಸುತ್ತು ಸುತ್ತುತ್ತಿದ್ದ ಇಂಜಿನ್ನು ಈಗ ಅದೇ ವೇಗಕ್ಕೆ 3200 ಸುತ್ತಬೇಕು. ಪೆಟ್ರೋಲು ಹೆಚ್ಚು, ಸದ್ದು ಹೆಚ್ಚು, ಸವಕಳಿ ಹೆಚ್ಚು. ಹಲ್ಲುಚಕ್ರ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬಲದಲ್ಲಿ ಗಳಿಸಿದ್ದನ್ನು ವೇಗದಲ್ಲಿ ಕಳೆದುಕೊಳ್ಳಲೇಬೇಕು. ನಮ್ಮ ಮೇಷ್ಟರು ಕಪ್ಪು ಹಲಗೆಯ ಮೇಲೆ ಬರೆದದ್ದು ಆಟೋನಗರದಲ್ಲಿ ಕಬ್ಬಿಣವಾಗಿ ನಮ್ಮ ಅಂಗೈಗೆ ಬಂತು.

ಅಮೆರಿಕದವರೂ ಇದೇ ಇಕ್ಕಟ್ಟಿಗೆ ಸಿಕ್ಕಿದವರೇ. 1964ರಲ್ಲಿ ಪೊಂಟಿಯಾಕ್ ಜಿ.ಟಿ.ಓ. ಬಂದ ಮೇಲೆ, ಸಾಧಾರಣ ಗಾತ್ರದ ಕಾರಿಗೆ ಭಾರಿ ಇಂಜಿನ್ ಕೂರಿಸಿದ ‘ಮಸಲ್ ಕಾರು’ಗಳ ಹುಚ್ಚು ಅಲ್ಲಿ ಹಬ್ಬಿತು. ವಾರವೆಲ್ಲ ಕೆಲಸಕ್ಕೆ, ರಜೆಯಲ್ಲಿ ಕಾಲು ಮೈಲಿಗೆ. ಅಲ್ಲಿ ಚೈನಿಲ್ಲ, ನಮ್ಮ ಲಾರಿಯವರು ‘ಕ್ರೌನ್ ಪಿನಿಯನ್’ ಎನ್ನುವ ಹಿಂದಿನ ಆಕ್ಸಲ್ಲಿನ ಹಲ್ಲುಗಳದ್ದೇ ಲೆಕ್ಕ. 41ಕ್ಕೆ 10 ಹಲ್ಲು, ಅಂದರೆ 4.10 ಹಾಕಿದರೆ ಪಂದ್ಯಕ್ಕೆ ಸೊಗಸು, ಹೆದ್ದಾರಿಯಲ್ಲಿ ಕಿವಿ ಕಿವುಡು. ಅವರು ಕಂಡುಕೊಂಡ ಉಪಾಯಗಳಲ್ಲಿ ಒಂದು ಓವರ್‌ಡ್ರೈವ್ ಇರುವ ಗೇರ್‌ಬಾಕ್ಸ್. ಮೇಲಿನ ಗೇರು 0.7 ಆದರೆ, 4.10 ಅನ್ನು ಅದರಿಂದ ಗುಣಿಸಿ 2.87. ಹೆದ್ದಾರಿಯಲ್ಲಿ ಇಂಜಿನ್ನು ನಿಧಾನವಾಗಿ ಉಸಿರಾಡುತ್ತದೆ. ನಮ್ಮ ಯೆಜ್ಡಿಗೆ ನಾಲ್ಕೇ ಗೇರು, ಆ ಭಾಗ್ಯವಿಲ್ಲ.

ಆಟೋನಗರದ ಮೇಸ್ತ್ರಿ ಹಿರಿಯರು. ‘ಎನ್ನಿ ಪಳ್ಳು ಕಾವಾಲಿ ಸಾರ್?’ ಎಂದರು. ಎಷ್ಟು ಹಲ್ಲು ಬೇಕು ಎಂದು! ಅವರ ಪಾಲು ನಮ್ಮ ಹಾಲಾದಂತೆ ಅವರ ಪಳ್ಳು ನಮ್ಮ ಹಲ್ಲು. ಹಳಗನ್ನಡದಲ್ಲಿ ನಮಗೂ ಅದು ‘ಪಲ್’ ಆಗಿತ್ತಲ್ಲ. ಮಗ, ಹಿಂದಿನದನ್ನು ಆರು ಹಲ್ಲು ದೊಡ್ಡದು ಮಾಡಿಸೋಣ ಎಂದ. ಮೇಸ್ತ್ರಿ ನಕ್ಕರು. ಮುಂದೆ ಒಂದು ಹಲ್ಲು ಇಳಿಸಿದರೆ ಹಿಂದೆ ಮೂರು ಏರಿಸಿದಂತೆಯೇ. ನಾವೂ ಗುಣಿಸಿ ನೋಡಿದೆವು: 51 ಭಾಗ 16 ಎಂದರೆ 3.19. ಸರಿಯೇ. ಮೂರೇ ಹೆಚ್ಚಿಸಲಿ, ಆರೇ ಹೆಚ್ಚಿಸಲಿ, ಹಿಂದಿನದು ದೊಡ್ಡದಾದರೆ ಚೈನು ಉದ್ದವಾಗಬೇಕು, ಕವರಿಗೆ ತಾಗಬಾರದು, ಲೇತಿನಲ್ಲಿ ಹೊಸದಾಗಿ ಕಡೆಸಬೇಕು. ಮುಂದಿನದಾದರೆ ಅಂಗೈಯಗಲದ ಸಾಮಾನು. ಮೂಲ ಗಾಡಿಗೆ ಕೊಡಲಿ ಏಟು ಬೀಳುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಅವರೇ ತೋರಿಸಿದರು. ಚೈನಿನ ಕೊಂಡಿಗಳು ಸಾಮಾನ್ಯವಾಗಿ ಸಮಸಂಖ್ಯೆ. ಆದ್ದರಿಂದ ಹಲ್ಲು ಬೆಸಸಂಖ್ಯೆಯಾದರೆ ಒಳ್ಳೆಯದು. 112 ಕೊಂಡಿ, 16 ಹಲ್ಲು ಎನ್ನಿ. ಪ್ರತಿ ಹಲ್ಲಿಗೂ ಅದೇ ಏಳು ಕೊಂಡಿಗಳು ಮತ್ತೆ ಮತ್ತೆ ಸಿಕ್ಕುತ್ತವೆ. 15 ಹಲ್ಲಾದರೆ ಪ್ರತಿ ಹಲ್ಲೂ ಸರದಿಯಲ್ಲಿ ಎಲ್ಲ ಕೊಂಡಿಗಳನ್ನೂ ಮುಟ್ಟುತ್ತದೆ. ಸವಕಳಿ ಸಮನಾಗಿ ಹಂಚಿಹೋಗುತ್ತದೆ. ಮಕ್ಕಳಿಗೆ ಮ.ಸಾ.ಅ. ಹೇಳಿಕೊಡುವ ಅಧ್ಯಾಪಕರು ಈ ಉದಾಹರಣೆಯನ್ನು ಬಳಸಬಹುದು. ಆದರೆ ಹಲ್ಲು ತೀರ ಕಡಿಮೆಯಾದರೂ ತೊಂದರೆ. ಸಣ್ಣ ಚಕ್ರದ ಸುತ್ತ ಚೈನು ಹೆಚ್ಚು ಬಾಗಬೇಕಾಗಿ ಬೇಗ ಸವೆಯುತ್ತದೆ.

ಕ್ಲಚ್ಚಿನ ವಿಚಾರದಲ್ಲಿ ಮಾತು ಸ್ವಲ್ಪ ಬಿಸಿಯಾಯಿತು. ಪಂದ್ಯದಲ್ಲಿ ಜಾರದೆ ಹಿಡಿಯಲು ಗಟ್ಟಿ ಸ್ಪ್ರಿಂಗ್ ಬೇಕೆಂದು ಮಗ. ಗಟ್ಟಿ ಸ್ಪ್ರಿಂಗ್ ಹಾಕಿಕೊಂಡು ಸಂಜೆ ಆರು ಗಂಟೆಗೆ ಬೆಂಜ್ ಸರ್ಕಲ್ಲಿನಲ್ಲಿ ಹತ್ತು ಸಲ ಕ್ಲಚ್ ಹಿಡಿದು ನೋಡು, ಅಂಗೈ ಏನು ಹೇಳುತ್ತದೋ ಕೇಳು ಎಂದೆವು. ಕೊನೆಗೆ ಹೊಸ ಪ್ಲೇಟುಗಳು, ಮೂಲದಂಥವೇ ಸ್ಪ್ರಿಂಗುಗಳು ಎಂದಾಯಿತು. ಚೈನು, ಎರಡೂ ಸ್ಪ್ರಾಕೆಟ್ಟು ಒಟ್ಟಿಗೇ ಹೊಸದಾಗಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಎರಡೂ ಹಾಳು. ಒಂದು ಅಂಗಡಿಯವನು ‘ಅದೇ ಸಾಮಾನು’ ಎಂದು ಕೊಟ್ಟ ಸ್ಪ್ರಾಕೆಟ್ಟು ನಮ್ಮ ಗಾಡಿಯ ಶಾಫ್ಟಿಗೆ ಕೂರಲೇ ಇಲ್ಲ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಹೊಸದನ್ನು ಕೊಳ್ಳುವುದು ಕ್ಷೇಮ.

ನಮ್ಮಾಕೆ ಅಲ್ಲಿಯವರೆಗೆ ಸುಮ್ಮನಿದ್ದಳು. ಗೆಳೆಯರು ರಾತ್ರಿ ಹನ್ನೊಂದರ ಮೇಲೆ ಹೆದ್ದಾರಿಯಲ್ಲಿ ‘ಅಭ್ಯಾಸ’ ಮಾಡುತ್ತಾರಂತೆ ಎಂಬ ಮಾತು ಹೇಗೋ ಅವಳ ಕಿವಿಗೆ ಬಿತ್ತು. ಅಂದು ಅಡಿಗೆಮನೆಯಲ್ಲಿ ಒಲೆ ಹತ್ತಲಿಲ್ಲ. ‘ಹಲ್ಲು ಎಷ್ಟಾದರೂ ಹಾಕಿಸಿಕೊಳ್ಳಿ, ಮಗನನ್ನು ನನಗೆ ಇಡಿಯಾಗಿ ಕೊಡಿ’ ಎಂದಳು. ಅನುಪಾತದ ನಮ್ಮ ಲೆಕ್ಕವೆಲ್ಲ ಆ ಒಂದು ಮಾತಿನ ಮುಂದೆ ಕಡತಕ್ಕೆ ಸೇರಿತು.

ನಾವು ಮಗನನ್ನು ಕೂರಿಸಿಕೊಂಡು ಹೇಳಿದೆವು: ರಸ್ತೆಯಲ್ಲಿ ಪಂದ್ಯ ಕಟ್ಟುವುದು 1988ರ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನ ಪ್ರಕಾರ ಅಪರಾಧ. ಆದರೆ ಅದು ಸಣ್ಣ ಮಾತು. ಹೆದ್ದಾರಿಯಲ್ಲಿ ದೀಪವಿಲ್ಲದ ಟ್ರಾಕ್ಟರು ಬರುತ್ತದೆ, ಎಮ್ಮೆ ಅಡ್ಡ ಬರುತ್ತದೆ. ಪಂದ್ಯದ ಪಟ್ಟಿಯಲ್ಲಿ ಬರುವುದಿಲ್ಲ. ನಿನಗೆ ಬೇಕಾದರೆ ನಿಜವಾದ ಪಟ್ಟಿಗೆ ಹೋಗು. ಮದರಾಸಿನವರು ಹಿಂದೆ ಓಡುತ್ತಿದ್ದದ್ದು ಶೋಳಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ. ಇರುಂಗಾಟ್ಟುಕೋಟೈನಲ್ಲಿ 1990ರಲ್ಲಿ ಪಂದ್ಯದ ಹಾದಿಯೇ ಸಿದ್ಧವಾಯಿತು. ಮೋಟಾರ್ ಸೈಕಲ್ಲುಗಳ ಡ್ರ್ಯಾಗ್ ಪಂದ್ಯಗಳೂ ಅಲ್ಲಿ ನಡೆದಿವೆ. ಸ್ಪರ್ಧಾ ಪರವಾನಗಿ, ಹೆಲ್ಮೆಟ್, ಚರ್ಮದ ಉಡುಪು, ಆಂಬುಲೆನ್ಸ್ ಎಲ್ಲ ಕ್ರಮ ಉಂಟು. ಖರ್ಚು ನಮ್ಮದು, ರಾತ್ರಿ ರಸ್ತೆ ಬಿಡುವುದು ನಿನ್ನದು.

ಅವನು ಒಂದು ದಿನ ಮಾತಾಡಲಿಲ್ಲ. ಎರಡನೆಯ ದಿನ ಕಾಗದ ಪೆನ್ಸಿಲ್ ಹಿಡಿದು ಬಂದು, ಮೇಲಿನ ಗೇರಿನಲ್ಲಿ ಇಂಜಿನ್ನು ಪೂರ್ತಿ ಸುತ್ತು ಮುಟ್ಟುವುದು ಸರಿಯಾಗಿ 402ನೆಯ ಮೀಟರಿಗಾದರೆ ಆ ಅನುಪಾತವೇ ಸರಿ, ಅದಕ್ಕಿಂತ ಮೊದಲೇ ಮುಟ್ಟಿದರೆ ಹಲ್ಲು ಕಡಿಮೆಯಾಯಿತೆಂದು ಅರ್ಥ, ಹೌದೇ ಎಂದು ಕೇಳಿದ. ಹೌದೆಂದೆವು. ಒಪ್ಪಿದ್ದಾನೆಂದು ಅದರಿಂದಲೇ ತಿಳಿಯಿತು.

ತಂದೆಯವರಿಗೆ ಫೋನಿನಲ್ಲಿ ವಿಷಯ ತಿಳಿಸಿದೆವು. ‘ಗಾಡಿ ಅವನದು, ಏನಾದರೂ ಮಾಡಿಕೊಳ್ಳಲಿ. ಬಿಚ್ಚಿದ ಸಾಮಾನು ಮಾತ್ರ ಗುಜರಿಗೆ ಹಾಕಬೇಡಿ’ ಎಂದರು. ಹಳೆಯ ಸ್ಪ್ರಾಕೆಟ್ಟುಗಳಿಗೆ ಗ್ರೀಸು ಬಳಿದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇವೆ.

ಈಗಿನ ವ್ಯವಸ್ಥೆ ಇಷ್ಟು: ಊರಿನ ಓಡಾಟಕ್ಕೆ ಮೂಲದಷ್ಟೇ ಹಲ್ಲಿನ ಸ್ಪ್ರಾಕೆಟ್ಟು ಗಾಡಿಯಲ್ಲಿ, ಒಂದು ಹಲ್ಲು ಕಡಿಮೆಯದು ಡಬ್ಬಿಯಲ್ಲಿ. ಪಂದ್ಯಕ್ಕೆ ಹೋದಾಗ ಬದಲಿಸಿದರಾಯಿತು, ಒಂದು ಗಂಟೆಯ ಕೆಲಸ. ಗಾಡಿಗೆ ಭಾಗ ಆರಿಸುವವರಿಗೆ ನಮ್ಮ ಸಲಹೆಯೂ ಅದೇ. ವರ್ಷದಲ್ಲಿ ಮುನ್ನೂರೈವತ್ತು ದಿನ ಗಾಡಿ ಎಲ್ಲಿ ಓಡುತ್ತದೋ ಆ ರಸ್ತೆಗೆ ಆರಿಸಿ. ಉಳಿದ ಹದಿನೈದು ದಿನಕ್ಕೆ, ಬಿಚ್ಚಿ ಮತ್ತೆ ಜೋಡಿಸಬಹುದಾದ್ದನ್ನೇ ಆರಿಸಿ. ಬರುವ ಪಂದ್ಯಕ್ಕೆ ಪರವಾನಗಿಯ ಅರ್ಜಿ ತುಂಬುವ ಕೆಲಸವನ್ನು ಮಗ ನಮಗೇ ವಹಿಸಿದ್ದಾನೆ. ಅರ್ಜಿ ತುಂಬುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.